ಅದೇ ಹಿತ್ತಾಳೆ, ಅದೇ ತೋಟಾ?

ಅಮೆರಿಕದ ಬೇಟೆಗಾರರಲ್ಲಿ ತೋಟಾಗಳನ್ನು ತಾವೇ ತುಂಬಿಕೊಳ್ಳುವವರದು ಒಂದು ಪಂಗಡ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೋಶವನ್ನು ಅವರು ಎಸೆಯುವುದಿಲ್ಲ. ಹೊಸ ಪ್ರೈಮರ್, ಹೊಸ ಮದ್ದು, ಹೊಸ ಗುಂಡು ಕೂರಿಸಿ ಮತ್ತೆ ಬಳಸುತ್ತಾರೆ. ಇವರಲ್ಲಿ ಹುಚ್ಚು ಇನ್ನೂ ಹೆಚ್ಚಿದವರು ಒಂದು ಬಂದೂಕಿನ ಕೋಶವನ್ನು ಇನ್ನೊಂದಕ್ಕೆ ಒಗ್ಗಿಸುತ್ತಾರೆ. 1952ರ .308 ವಿಂಚೆಸ್ಟರ್ ಕೋಶದ ಕತ್ತನ್ನು ಉಕ್ಕಿನ ಅಚ್ಚಿಗೆ ಒತ್ತಿ ಕಿರಿದು ಮಾಡಿದರೆ 1955ರ .243 ವಿಂಚೆಸ್ಟರ್ ಸಿಗುತ್ತದೆ. 7.8 ಮಿ.ಮೀ. ದಪ್ಪದ ಗುಂಡು ಕೂರುತ್ತಿದ್ದ ಬಾಯಲ್ಲಿ ಈಗ 6.2 ಮಿ.ಮೀ. ಗುಂಡು. ಒಡಲು ಅದೇ, ಬುಡವೂ ಅದೇ. ಬುಡದ ಮೇಲೆ ಕಾರ್ಖಾನೆ ಒತ್ತಿದ ಹೆಸರು ಮಾತ್ರ ಇನ್ನೂ 308 ಎಂದೇ ಹೇಳುತ್ತಿರುತ್ತದೆ.

ಹಾಗಾದರೆ ಕೈಯಲ್ಲಿರುವುದು ಯಾವ ತೋಟಾ?

ಲೋಹ ಹಿಡಿದುಕೊಂಡೇ ಈ ಪ್ರಶ್ನೆ ಕೇಳಿದವರು ಬಹಳ ಹಿಂದೆಯೇ ಇದ್ದರು. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿ ಮಗ ಶ್ವೇತಕೇತುವಿನ ಮುಂದೆ ಮೂರು ದೃಷ್ಟಾಂತ ಇಡುತ್ತಾನೆ: ಮಣ್ಣಿನ ಮುದ್ದೆ, ಬಂಗಾರದ ಗಟ್ಟಿ, ಉಗುರು ಕತ್ತರಿಸುವ ಕಬ್ಬಿಣದ ಸಾಧನ. ಶಂಕರರು ಇದನ್ನು ಓದಿದ ರೀತಿ ಎಲ್ಲರಿಗೂ ಗೊತ್ತು. ಮಡಕೆ, ಕುಡಿಕೆ ಎಂಬ ವಿಕಾರಗಳು ಮಾತಿನಲ್ಲಷ್ಟೇ ಇವೆ, ಸತ್ಯವಾದದ್ದು ಮಣ್ಣು. ಉಡುಪಿ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವರು ಇದನ್ನು ಒಪ್ಪಲಿಲ್ಲ. ಒಂದು ಮುದ್ದೆಯಿಂದ ಲೋಕದ ಮಡಕೆಗಳೆಲ್ಲ ಆಗುವುದಿಲ್ಲವಲ್ಲ! ಉಗುರು ಕತ್ತರಿಸುವ ಸಾಧನವಂತೂ ತಾನೇ ತಯಾರಾದ ವಸ್ತು. ಅದು ಉಳಿದ ಕಬ್ಬಿಣದ ಸಾಮಾನುಗಳಿಗೆ ಕಾರಣವಾಗುವುದಾದರೂ ಹೇಗೆ? ದೃಷ್ಟಾಂತ ಹೇಳುತ್ತಿರುವುದು ಸಾದೃಶ್ಯವನ್ನು, ಮಡಕೆ ಸುಳ್ಳೆಂದಲ್ಲ ಎಂಬುದು ಅವರ ವಾದ.

ವಿಂಚೆಸ್ಟರ್ ಕೋಶದ ಮುಂದೆ ಕೂತವನಿಗೆ ಮೊದಲು ಶಂಕರರೇ ಸರಿ ಅನ್ನಿಸುತ್ತದೆ. 70 ಪಾಲು ತಾಮ್ರ, 30 ಪಾಲು ಸತು; .308 ಎಂದರೂ ಅದೇ, .243 ಎಂದರೂ ಅದೇ. ಆದರೆ ಕೆಲಸಕ್ಕೆ ಇಳಿದ ಕೂಡಲೇ ಹಿತ್ತಾಳೆ ತಕರಾರು ತೆಗೆಯುತ್ತದೆ. ಕತ್ತಿನ ಸುತ್ತಳತೆ ಕುಗ್ಗಿದಾಗ ಅಲ್ಲಿದ್ದ ಲೋಹ ಮಾಯವಾಗುವುದಿಲ್ಲ, ಗೋಡೆ ದಪ್ಪವಾಗುತ್ತದೆ. ಅದನ್ನು ಕೆತ್ತಿ ತೆಳುವಾಗಿಸದೆ ಹಾರಿಸಿದರೆ ಬಂದೂಕಿನೊಳಗೆ ಕತ್ತು ಹಿಗ್ಗಲು ಜಾಗವಿಲ್ಲದೆ ಗುಂಡು ಬಿಗಿಯಾಗಿ ಸಿಕ್ಕಿಕೊಂಡು ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಒತ್ತಿಸಿಕೊಂಡ ಹಿತ್ತಾಳೆ ಗಡುಸೂ ಆಗುತ್ತದೆ. ಕತ್ತನ್ನಷ್ಟೇ ಕಾಯಿಸಿ ಮೆತ್ತಗೆ ಮಾಡದಿದ್ದರೆ ಸೀಳುತ್ತದೆ. ಬುಡಕ್ಕೆ ಮಾತ್ರ ಬಿಸಿ ತಾಗಕೂಡದು, ಚದರ ಇಂಚಿಗೆ 60,000 ಪೌಂಡ್‌ವರೆಗಿನ ಒತ್ತಡ ತಡೆಯಬೇಕಾದದ್ದು ಅದು. ಒಂದೇ ಲೋಹ, ಎರಡು ಅಂಗುಲ ಉದ್ದ, ಅಷ್ಟರಲ್ಲೇ ಎರಡು ಸ್ವಭಾವ.

ಇದಕ್ಕೆ ಭಾರತದ್ದೇ ಒಂದು ಹಳೆಯ ಸಾಕ್ಷ್ಯವಿದೆ. ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿದು ತೆಗೆದು ನೋಡಿದರೆ, ಯಾರೂ ಮುಟ್ಟದ ತೋಟಾಗಳು ಬಿರುಕು ಬಿಟ್ಟಿರುತ್ತಿದ್ದವು. ಹೆಚ್ಚಾಗಿ ಕೋಶವು ಗುಂಡನ್ನು ಬಿಗಿದು ಹಿಡಿದ ಕಡೆಯಲ್ಲೇ. ಕಾರಣ ತಿಳಿದದ್ದು 1921ರಲ್ಲಿ. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ಮತ್ತು ತಣ್ಣಗಿರುವಾಗಲೇ ಎಳೆದು ಒತ್ತಿದ ಹಿತ್ತಾಳೆಯೊಳಗೆ ಉಳಿದುಕೊಂಡ ಬಿಗಿತ, ಎರಡೂ ಸೇರಿ ಮಾಡಿದ ಕೆಲಸ. ತಿಂಗಳುಗಳ ಹಿಂದೆ ಕಾರ್ಖಾನೆಯಲ್ಲಿ ತಿಂದ ಒತ್ತನ್ನು ಲೋಹ ಒಳಗೇ ಇಟ್ಟುಕೊಂಡಿತ್ತು. ವಿಕಾರ ಬರೀ ಮಾತಾಗಿದ್ದರೆ ಸೀಳಿದ್ದು ಯಾವುದು?

ಅದ್ವೈತಿಗಳು ಸುಮ್ಮನಿರುವುದಿಲ್ಲ. ಬಿರುಕೂ ವ್ಯವಹಾರದ ಮಟ್ಟದ್ದೇ ಎಂದಾರು. ಆ ಉತ್ತರವನ್ನು ಸೋಲಿಸುವುದು ಕಷ್ಟ. ಆದರೆ ಅದು ತೋಟಾದ ಬಗ್ಗೆ ಏನನ್ನೂ ತಿಳಿಸುವುದಿಲ್ಲ.

ಹೆಚ್ಚು ತಿಳಿಸುವವರು ಜೈನರು. ಕನ್ನಡದ ಜೈನ ಕವಿಗಳು ಭಕ್ತಿಯಿಂದ ನೆನೆಯುವ ಆಚಾರ್ಯ ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿಸುತ್ತಾರೆ. ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. ಮೂವರ ಭಾವಕ್ಕೂ ಕಾರಣ ವಸ್ತುವಿನಲ್ಲೇ ಇದೆ: ಒಂದು ಅಳಿಯಿತು, ಒಂದು ಹುಟ್ಟಿತು, ಒಂದು ಉಳಿಯಿತು. .308 ಬಂದೂಕಿನವನು, .243ರವನು, ಕಿಲೋ ಲೆಕ್ಕದಲ್ಲಿ ಹಿತ್ತಾಳೆ ತೂಗುವ ಗುಜರಿಯವನು ಈ ಮೂರು ಜಾಗಗಳಲ್ಲಿ ಸಲೀಸಾಗಿ ಕೂರುತ್ತಾರೆ.

ಚಿನ್ನದ ಕಥೆಯಲ್ಲಿ ಇಲ್ಲದ ನಾಲ್ಕನೆಯವನೊಬ್ಬ ಇಲ್ಲಿದ್ದಾನೆ. .243 ಅಮೆರಿಕದಲ್ಲಿ ಜಿಂಕೆ ಬೇಟೆಗೆ ಬಹಳ ಬಳಕೆಯಲ್ಲಿರುವ ತೋಟಾ. ನಳಿಗೆಯ ಆ ಕಡೆ ನಿಂತ ಪ್ರಾಣಿಗೆ 7.8 ಮಿ.ಮೀ. ಅಳಿದು 6.2 ಹುಟ್ಟಿದ್ದರಿಂದ ದುಃಖವೂ ಇಲ್ಲ, ಸಂತೋಷವೂ ಇಲ್ಲ. ಗುಜರಿಯವನ ಉದಾಸೀನ ಮತ್ತು ಜಿಂಕೆಯ ಉದಾಸೀನ ಒಂದೇ ಎನ್ನಲು ಮಾತ್ರ ಯಾರಿಗೂ ಬಾಯಿ ಬಾರದು.

ಇದಕ್ಕೆ ಸಮಂತಭದ್ರರು ಇನ್ನೊಂದು ಗ್ರಂಥದಲ್ಲಿ ಉತ್ತರಿಸಿದ್ದಾರೆ ಎನ್ನಬಹುದು. ಗೃಹಸ್ಥರಿಗಾಗಿ ಬರೆದ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ, ನಿಷ್ಕಾರಣವಾಗಿ ಕಟ್ಟಿಕೊಳ್ಳುವ ಐದು ಪಾಪಗಳ ನಡುವೆ ‘ಹಿಂಸಾದಾನ’ ಬರುತ್ತದೆ: ಕೊಲೆಗೆ ಒದಗುವ ವಸ್ತುಗಳನ್ನು ಇನ್ನೊಬ್ಬರ ಕೈಗೆ ಕೊಡುವುದು. ಅಲ್ಲಿನ ಪಟ್ಟಿಯಲ್ಲಿ ಕತ್ತಿ, ಕೊಡಲಿಗಳ ಪಕ್ಕದಲ್ಲೇ ನೆಲ ಅಗೆಯುವ ಗುದ್ದಲಿಯೂ ಬೆಂಕಿಯೂ ಇವೆ. ಅನ್ನ ಬೇಯಿಸುವ ಬೆಂಕಿ, ಬಾವಿ ತೋಡುವ ಗುದ್ದಲಿ! ವಸ್ತುವಿನ ಆಕಾರ ನೋಡಿ ಮಾಡಿದ ಪಟ್ಟಿ ಇದಾಗಿದ್ದರೆ ಅವೆರಡು ಅಲ್ಲಿ ಸೇರುತ್ತಿರಲಿಲ್ಲ. ಗುಂಡು ಹಾರಿಸುವ ಮೈದಾನಗಳಲ್ಲಿ ಒಬ್ಬ ಬಿಟ್ಟುಹೋದ ಖಾಲಿ ಕೋಶಗಳನ್ನು ಇನ್ನೊಬ್ಬ ಆಯ್ದುಕೊಳ್ಳುವುದು ಈ ಹವ್ಯಾಸದಲ್ಲಿ ಮಾಮೂಲು. ಬಿಟ್ಟುಹೋದವನು ಕೊಟ್ಟದ್ದು ಲೋಹವನ್ನೋ ತೋಟಾವನ್ನೋ ಎಂದು ನಿರ್ಧರಿಸಲು ಸಮಂತಭದ್ರರ ಎರಡೂ ಗ್ರಂಥಗಳನ್ನು ಒಟ್ಟಿಗೆ ಬಿಚ್ಚಿಕೊಳ್ಳಬೇಕಾಗುತ್ತದೆ.