ಬಿಸಿಲಿನ ಫಲ ಯಾರಿಗೆ ಸಲ್ಲಬೇಕು?

ಬಿಸಿಲು ಯಾರೊಬ್ಬರ ಸ್ವತ್ತೂ ಅಲ್ಲ. ಅದು ಅರಮನೆಯ ಮೇಲೂ ಗುಡಿಸಲಿನ ಮೇಲೂ ಸಮನಾಗಿ ಬೀಳುತ್ತದೆ. ಆದರೆ ಬಿಸಿಲು ವಿದ್ಯುತ್ತಾಗಬೇಕಾದರೆ ನೆಲ ಬೇಕು, ಯಂತ್ರ ಬೇಕು, ಬಂಡವಾಳ ಬೇಕು. ಈ ಮೂರಕ್ಕೂ ಒಡೆಯರುಂಟು. ಹೀಗಿರುವಾಗ ಸರಕಾರವು ಸಾರ್ವಜನಿಕರ ಹಣದಿಂದ ಸೌರವಿದ್ಯುತ್ತಿಗೆ ಉತ್ತೇಜನ ನೀಡಿದರೆ, ಆ ಹಣ ಯಾರಿಗೆ, ಯಾವ ನ್ಯಾಯದಿಂದ ಸಲ್ಲಬೇಕು? ಇದು ಮೇಲುನೋಟಕ್ಕೆ ಅರ್ಥಶಾಸ್ತ್ರದ ಪ್ರಶ್ನೆಯಂತೆ ಕಂಡರೂ ಮೂಲತಃ ನೀತಿಯ ಪ್ರಶ್ನೆಯೇ ಆಗಿದೆ.

ಇಂಥ ಉತ್ತೇಜನವೇ ಅನುಚಿತವೆಂದು ವಾದಿಸುವವರಿದ್ದಾರೆ. ಅವರ ಮಾತನ್ನು ಒಪ್ಪಲಾಗದು. ಕಲ್ಲಿದ್ದಲಿನ ವಿದ್ಯುತ್ತು ಅಗ್ಗವೆಂದು ಇದುವರೆಗೆ ತೋರಿದ್ದು ಅದರ ಪೂರ್ಣ ಬೆಲೆಯನ್ನು ಬಳಸಿದವರು ತೆರದಿದ್ದುದರಿಂದ. ಹೊಗೆಯನ್ನು ಉಸಿರಾಡಿದವರು, ಬೂದಿ ಬಿದ್ದ ಹೊಲವನ್ನು ಉತ್ತವರು ಉಳಿದ ಬೆಲೆಯನ್ನು ತೆತ್ತರು. ಹೊಸ ಮಾರ್ಗಕ್ಕೆ ಆರಂಭದಲ್ಲಿ ಆಸರೆ ನೀಡುವುದು ಆ ಅನ್ಯಾಯವನ್ನು ಅಷ್ಟಿಷ್ಟು ಸರಿಪಡಿಸುವ ಕಾರ್ಯ. ಅದರ ಫಲವೂ ಕಣ್ಣಮುಂದಿದೆ. 2010ರಲ್ಲಿ ರಾಷ್ಟ್ರೀಯ ಸೌರ ಅಭಿಯಾನ ಆರಂಭವಾದಾಗ ಮೊದಲ ಹರಾಜಿನಲ್ಲಿ ಸೌರವಿದ್ಯುತ್ತಿನ ದರ ಯೂನಿಟ್ಟಿಗೆ ಸರಾಸರಿ 12 ರೂಪಾಯಿಗಳಷ್ಟಿತ್ತು. 2017ರಲ್ಲಿ ರಾಜಸ್ಥಾನದ ಭಡ್ಲಾ ಯೋಜನೆಯ ಹರಾಜಿನಲ್ಲಿ ಅದು 2 ರೂಪಾಯಿ 44 ಪೈಸೆಗೆ ಇಳಿಯಿತು. ಯಂತ್ರಗಳ ಬೆಲೆ ಜಗತ್ತಿನಾದ್ಯಂತ ಕುಸಿದುದು ಇದಕ್ಕೆ ಮುಖ್ಯ ಕಾರಣವಾದರೂ, ಆ ಕುಸಿತಕ್ಕೂ ಹಲವು ದೇಶಗಳ ಸರಕಾರಗಳು ನೀಡಿದ ಪ್ರೋತ್ಸಾಹವೇ ಹಾದಿ ಮಾಡಿತೆಂಬುದನ್ನು ಮರೆಯಬಾರದು.

ಆದ್ದರಿಂದ ಉತ್ತೇಜನ ಬೇಕೇ ಬೇಡವೇ ಎಂಬುದು ನಮ್ಮ ಪ್ರಶ್ನೆಯಲ್ಲ. ಅದರ ಹಂಚಿಕೆ ನಮ್ಮ ಪ್ರಶ್ನೆ. ನಮ್ಮ ನಾಡಿನದೇ ಒಂದು ನಿದರ್ಶನವನ್ನು ನೋಡೋಣ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಬರಕ್ಕೆ ಹೆಸರಾದ ಸೀಮೆ. ಅಲ್ಲಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ತಲೆಯೆತ್ತಿದೆ. 2018ರಲ್ಲಿ ಅದರ ಉದ್ಘಾಟನೆಯಾಯಿತು. ಸರಕಾರವು ರೈತರ ಭೂಮಿಯನ್ನು ಕಸಿದುಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆಯಿತು. ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆಯೂ ಕರಾರಿನಲ್ಲಿ ಸೇರಿತು. ಮಳೆ ನಂಬಿ ಕಡಲೆಕಾಯಿ ಬಿತ್ತಿ ಬೀಜದ ಹಣವನ್ನೂ ಕಾಣದ ರೈತನಿಗೆ ಇದು ವರವೇ ಸರಿ. ಭೂಮಿಯ ಒಡೆತನ ಅವನಲ್ಲಿಯೇ ಉಳಿಯಿತೆಂಬುದು ಪ್ರಶಂಸೆಗೆ ಯೋಗ್ಯವಾದ ಸಂಗತಿ.

ಆದರೆ ಆ ಹೊಲಗಳನ್ನು ನಂಬಿದ್ದವನು ಒಡೆಯನೊಬ್ಬನೇ ಅಲ್ಲ. ಕಳೆ ಕೀಳುತ್ತಿದ್ದ ಹೆಂಗಸರು, ಪೈರು ಕೊಯ್ಯುತ್ತಿದ್ದ ಆಳುಗಳು, ಬೀಳುನೆಲದಲ್ಲಿ ಕುರಿ ಮೇಯಿಸುತ್ತಿದ್ದವರು ಅದೇ ನೆಲದಿಂದ ಅನ್ನ ಕಾಣುತ್ತಿದ್ದರು. ಅವರ ಹೆಸರು ಯಾವ ಪಹಣಿಯಲ್ಲಿಯೂ ಇರಲಿಲ್ಲ. ಆದಕಾರಣ ಗುತ್ತಿಗೆಯ ಹಣದಲ್ಲಿ ಅವರಿಗೆ ಪಾಲು ದೊರೆಯಲಿಲ್ಲ. ಫಲಕಗಳನ್ನು ಒರೆಸುವ, ಹುಲ್ಲು ಸವರುವ, ಕಾವಲು ಕಾಯುವ ಕೆಲಸಗಳು ಕೆಲವರಿಗೆ ಸಿಕ್ಕವು. ಉಳಿದವರು ಕೂಲಿಯನ್ನರಸಿ ಬೇರೆ ಊರುಗಳತ್ತ ನೋಡಬೇಕಾಯಿತು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ತನ್ನ ಹೊಲವನ್ನು ಬಿತ್ತದೆ ಬೀಳು ಬಿಡಲು ರೈತನಿಗೆ ಅಧಿಕಾರವಿಲ್ಲವೇ? ಹಾಗೆ ಬಿಟ್ಟರೆ ಆತ ಕೂಲಿಕಾರನಿಗೆ ಪರಿಹಾರ ಕೊಡಬೇಕೇ? ಇದು ತಳ್ಳಿಹಾಕುವ ಮಾತಲ್ಲ. ರೈತನೊಬ್ಬನ ನಿರ್ಧಾರವಾಗಿದ್ದರೆ ನಾವು ಅವನನ್ನು ದೂಷಿಸಲಾಗದು. ಆದರೆ ಪಾವಗಡದಲ್ಲಿ ನಡೆದುದು ಒಬ್ಬ ರೈತನ ನಿರ್ಧಾರವಲ್ಲ, ರಾಜ್ಯದ ಯೋಜನೆ. ಸೌರ ಉದ್ಯಾನಗಳಿಗೆ ಕೇಂದ್ರ ಸರಕಾರ ಪ್ರತಿ ಮೆಗಾವ್ಯಾಟಿಗೆ 20 ಲಕ್ಷ ರೂಪಾಯಿ ಅಥವಾ ವೆಚ್ಚದ ಶೇಕಡಾ 30, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ನೆರವು ನೀಡುವ ಯೋಜನೆಯನ್ನು ರೂಪಿಸಿತು. ಆ ಹಣದಲ್ಲಿ ಬೆಂಕಿಪೊಟ್ಟಣ ಕೊಳ್ಳುವಾಗಲೆಲ್ಲ ತೆರಿಗೆ ತೆರುವ ಬಡವನ ಪಾಲೂ ಸೇರಿದೆ. ಎಲ್ಲರ ಹಣದಿಂದ, ಎಲ್ಲರ ಹೆಸರಿನಲ್ಲಿ ನಡೆಯುವ ಕಾರ್ಯವು ಕೆಲವರ ಕೂಲಿಯನ್ನು ಕಳೆದಾಗ, ಅವರಿಗೆ ಕಾಗದವಿಲ್ಲವೆಂಬ ಕಾರಣದಿಂದ ಕೈತೊಳೆದುಕೊಳ್ಳುವುದು ಕಾನೂನಾದೀತು, ನ್ಯಾಯವಾಗದು.

ಪಟ್ಟಣದ ಮಾತೂ ಇದಕ್ಕಿಂತ ಬೇರೆಯಲ್ಲ. 2024ರಲ್ಲಿ ಕೇಂದ್ರ ಸರಕಾರ 75,021 ಕೋಟಿ ರೂಪಾಯಿ ವೆಚ್ಚದಲ್ಲಿ ಒಂದು ಕೋಟಿ ಮನೆಗಳ ಮಾಳಿಗೆಯ ಮೇಲೆ ಸೌರಫಲಕಗಳನ್ನು ಅಳವಡಿಸುವ ಯೋಜನೆಯನ್ನು ಪ್ರಕಟಿಸಿತು. ಮೂರು ಕಿಲೋವ್ಯಾಟ್ ಅಥವಾ ಅದಕ್ಕೆ ಮೇಲ್ಪಟ್ಟ ಘಟಕಕ್ಕೆ 78,000 ರೂಪಾಯಿ ಸಹಾಯಧನ ನಿಗದಿಯಾಯಿತು. ಯೋಜನೆ ಒಳ್ಳೆಯದೇ. ಆದರೆ ಬಾಡಿಗೆಯ ಒಂದೇ ಕೋಣೆಯಲ್ಲಿ ವಾಸಿಸುವವನಿಗೆ ಸ್ವಂತ ಮಾಳಿಗೆಯೆಲ್ಲಿ? ಜರ್ಮನಿಯೂ ಈ ತೊಡಕನ್ನು ಕಂಡಿತು. ಅಲ್ಲಿ 2000ದ ಕಾನೂನು ಸೌರವಿದ್ಯುತ್ತಿಗೆ 20 ವರ್ಷಗಳ ಕಾಲ ನಿಶ್ಚಿತ ದರವನ್ನು ಕೊಟ್ಟು ಜಗತ್ತಿಗೇ ದಾರಿ ತೋರಿತು. ಆದರೆ ಅದರ ಹೊರೆ ಬಳಕೆದಾರರ ಬಿಲ್ಲಿನ ಮೇಲೆ ಬಿದ್ದುದರಿಂದ ಮಾಳಿಗೆಯಿಲ್ಲದ ಬಾಡಿಗೆದಾರನೂ ಮಾಳಿಗೆಯುಳ್ಳವನಿಗಾಗಿ ತೆತ್ತನು. ಅತಿಹೆಚ್ಚು ವಿದ್ಯುತ್ ಬಳಸುವ ಕಾರ್ಖಾನೆಗಳಿಗಾದರೋ ಬಹಳಷ್ಟು ವಿನಾಯಿತಿ ದೊರೆತಿತ್ತು. ಕೊನೆಗೆ 2022ರಲ್ಲಿ ಆ ಶುಲ್ಕವನ್ನು ಬಿಲ್ಲಿನಿಂದ ತೆಗೆದು ಬೊಕ್ಕಸದಿಂದಲೇ ಭರಿಸಲಾಯಿತು.

ಇವುಗಳಿಂದ ನಾವು ಕಲಿಯಬೇಕಾದುದೇನು? ಉತ್ತೇಜನವನ್ನು ನಿಲ್ಲಿಸಬೇಕೆಂದಲ್ಲ, ಅದು ಆಸ್ತಿಯ ದಾರಿಯಲ್ಲಿ ಮಾತ್ರ ಹರಿಯಬಾರದೆಂದು. ಭೂಮಿಯನ್ನು ಗುತ್ತಿಗೆಗೆ ಪಡೆಯುವ ಮುನ್ನ ಅದರಲ್ಲಿ ದುಡಿಯುತ್ತಿರುವವರ ಪಟ್ಟಿಯನ್ನೂ ಮಾಡಬಹುದು. ಮಾರಿದ ಪ್ರತಿ ಯೂನಿಟ್ಟಿನಿಂದ ಒಂದೆರಡು ಪೈಸೆಯನ್ನು ಭೂರಹಿತರ ಜೀವನೋಪಾಯಕ್ಕೆಂದೇ ಮೀಸಲಿಡಬಹುದು. ಶಾಲೆ, ಆಸ್ಪತ್ರೆ, ಪಂಚಾಯತಿ ಕಟ್ಟಡಗಳ ಮಾಳಿಗೆಯಲ್ಲಿ ಉತ್ಪಾದಿಸಿದ ವಿದ್ಯುತ್ತಿನಲ್ಲಿ ಮಾಳಿಗೆಯಿಲ್ಲದವರಿಗೆ ಪಾಲು ಕೊಡಬಹುದು.

ಸರಕಾರ ಮಾಡಬೇಕಾದುದನ್ನು ಹೇಳಿ ಮುಗಿಸುವುದು ಸುಲಭ. ಆದರೆ ನಮ್ಮಲ್ಲಿ ಅನೇಕರು ಹೊಲವುಳ್ಳವರು, ಸ್ವಂತ ಮನೆಯುಳ್ಳವರು. ಸಹಾಯಧನದ ಅರ್ಜಿಗೆ ಸಹಿ ಹಾಕಿದವರು, ಹಾಕಲಿರುವವರು. ಆ ಹಣವನ್ನು ಪಡೆಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದು ನಮ್ಮ ಜಾಣತನಕ್ಕೆ ದೊರೆತ ಬಹುಮಾನವಲ್ಲ, ಹತ್ತು ಜನರು ನಮ್ಮ ಮೇಲೆ ಹೊರಿಸಿದ ಋಣವೆಂಬ ಅರಿವು ನಮಗಿರಬೇಕು. ನಮ್ಮ ಮನೆಯ ದೀಪ ಬಿಸಿಲಿನಿಂದ ಉರಿಯುವಾಗ, ನಮ್ಮ ಹೊಲದಲ್ಲಿ ನಿನ್ನೆಯವರೆಗೆ ಕಳೆ ಕಿತ್ತವಳ ಮನೆಯ ಒಲೆ ಹೊತ್ತಿದೆಯೇ ಎಂದು ಕೇಳಿಕೊಳ್ಳುವುದು ಆ ಋಣ ತೀರಿಸುವ ಮೊದಲ ಹೆಜ್ಜೆ.