ಕರ್ಮಣಿಯಿಂದ ಕರ್ತರಿಗೆ

ರೋಗದ ಕಾಲವೇ ಮನುಷ್ಯನಿಗೆ ಅತ್ಯಂತ ಕಠಿನವಾದ ಕಾಲವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಕ್ಯಾನ್ಸರಿನಿಂದ ಪಾರಾಗಿ ಬಂದವರ ಮಾತನ್ನು ಸಾವಧಾನದಿಂದ ಕೇಳಿದರೆ ಬೇರೊಂದು ಸಂಗತಿಯೂ ತಿಳಿದುಬರುತ್ತದೆ. ಶಸ್ತ್ರಚಿಕಿತ್ಸೆ, ಕಿಮೊಥೆರಪಿ, ವಿಕಿರಣ ಚಿಕಿತ್ಸೆ ಎಂದು ದಿನಕ್ಕೊಂದು ವಿಧಿಯಿರುವಷ್ಟು ಕಾಲವೂ ಮನಸ್ಸಿಗೆ ಹಿಡಿದುಕೊಳ್ಳಲು ಒಂದು ಹಗ್ಗವಿರುತ್ತದೆ. ಎಲ್ಲವೂ ಮುಗಿದು, ವೈದ್ಯರು ಇನ್ನು ಮೂರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋದರೆ ಸಾಕೆಂದು ಹೇಳಿ, ಹರಕೆ ತೀರಿಸಿದ ಬಂಧುಗಳು ತಮ್ಮ ತಮ್ಮ ಊರುಗಳಿಗೆ ಹಿಂದಿರುಗಿದ ಮೇಲೆ, ಆ ಹಗ್ಗವು ಕೈಯಿಂದ ಜಾರುತ್ತದೆ. ಉಳಿದೆನೆಂಬ ಸಮಾಧಾನದೊಡನೆಯೇ, ಉಳಿದದ್ದು ಯಾತಕ್ಕೆಂಬ ಪ್ರಶ್ನೆಯೂ ಬಂದು ಎದುರಿಗೆ ಕುಳಿತುಕೊಳ್ಳುತ್ತದೆ.

ಅಮೆರಿಕದ ವೈದ್ಯರಾದ ಫಿಟ್ಸ್‌ಹ್ಯೂ ಮಲನ್ ಅವರು, ಸ್ವತಃ ಕ್ಯಾನ್ಸರನ್ನು ಅನುಭವಿಸಿದವರಾಗಿ, 1985ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದ ಲೇಖನವು ಈ ಸ್ಥಿತಿಗೆ ಮೊದಲ ಬಾರಿಗೆ ಸ್ಪಷ್ಟವಾದ ರೂಪವನ್ನು ಕೊಟ್ಟಿತೆನ್ನಬಹುದು. ರೋಗವನ್ನು ಗೆದ್ದವರು, ಗೆಲ್ಲದವರು ಎಂಬ ಎರಡೇ ವಿಭಾಗಗಳು ಸಾಲವೆಂದು ಕಂಡ ಅವರು, ಬದುಕಿ ಉಳಿಯುವುದನ್ನೇ ಋತುಗಳಂತೆ ಮೂರು ಅವಸ್ಥೆಗಳಾಗಿ ವಿಂಗಡಿಸಿದರು: ಚಿಕಿತ್ಸೆಯ ತೀವ್ರ ಕಾಲ, ಅದು ಮುಗಿದು ಮರುಕಳಿಕೆಯ ಭಯವೇ ದಿನಚರಿಯಾಗುವ ನಡುಗಾಲ, ಆ ಭಯವು ಹಿಂದೆ ಸರಿದು ಬದುಕು ಒಂದು ನೆಲೆಗೆ ನಿಲ್ಲುವ ಸ್ಥಿರಕಾಲ. ನಮ್ಮ ಪ್ರಸ್ತುತ ವಿಚಾರವು ಆ ನಡುಗಾಲಕ್ಕೆ ಸೇರಿದ್ದು.

ಆ ಕಾಲದ ಸಂಕಟದ ಸ್ವರೂಪವನ್ನು ನಮ್ಮ ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದು ಸುಲಭ. ರೋಗಿಯಾದವನು ತಿಂಗಳುಗಟ್ಟಲೆ ಕರ್ಮಣಿ ಪ್ರಯೋಗದಲ್ಲಿ ಬಾಳಿರುತ್ತಾನೆ. ಅವನು ಪರೀಕ್ಷಿಸಲ್ಪಡುತ್ತಾನೆ, ಕೊಯ್ಯಲ್ಪಡುತ್ತಾನೆ, ಉಣಿಸಲ್ಪಡುತ್ತಾನೆ, ಕನಿಕರಿಸಲ್ಪಡುತ್ತಾನೆ. ಅನ್ಯರ ಕ್ರಿಯೆಗಳೆಲ್ಲಕ್ಕೂ ಅವನೇ ಕರ್ಮಪದ. ಕರ್ಮಣಿ ಪ್ರಯೋಗವು ಕನ್ನಡದ ಜಾಯಮಾನಕ್ಕೆ ಹೇಗೆ ಒಗ್ಗದೋ ಹಾಗೆಯೇ ಮನುಷ್ಯನ ಜಾಯಮಾನಕ್ಕೂ ಒಗ್ಗದು. ಎಷ್ಟು ಪ್ರೀತಿಯಿಂದ ಬಂದ ಉಪಚಾರವಾದರೂ, ಕೊಡಲು ಏನೂ ಇಲ್ಲದೆ ಪಡೆಯುತ್ತಲೇ ಇರುವವನ ಆತ್ಮಗೌರವವನ್ನು ಅದು ಒಳಗೊಳಗೇ ಸವೆಸುತ್ತದೆ. ದೇಹವು ವಾಸಿಯಾದ ಮೇಲೂ ವಾಸಿಯಾಗದೆ ಉಳಿಯುವ ಗಾಯಗಳಲ್ಲಿ ಇದೂ ಒಂದು.

ಕೆನಡಾದ ವ್ಯಾಂಕೂವರ್ ನಗರದ ಟೆರಿ ವಿಂಗಮ್ ಎಂಬ ಮಹಿಳೆ, ಮೂವತ್ತರ ಪ್ರಾಯದಲ್ಲಿ ಸ್ತನದ ಕ್ಯಾನ್ಸರಿಗೆ ಗುರಿಯಾಗಿ, ಚಿಕಿತ್ಸೆ ಮುಗಿದ ಬಳಿಕ ಇದೇ ಶೂನ್ಯವನ್ನು ಕಂಡವರು. ಅವರು ಸ್ವಯಂಸೇವಕಿಯಾಗಿ ಆಫ್ರಿಕಕ್ಕೆ ಹೊರಟರು; ಅಲ್ಲಿ ತಮಗೆ ದೊರೆತ ಬೆಳಕು ತಮ್ಮಂಥವರಿಗೂ ದೊರೆಯಲೆಂದು 'ಎ ಫ್ರೆಶ್ ಚಾಪ್ಟರ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಕ್ಯಾನ್ಸರಿನಿಂದ ಪಾರಾದವರ ತಂಡಗಳು ಆ ಸಂಸ್ಥೆಯ ಮೂಲಕ ಪರದೇಶಗಳಿಗೆ, ನಮ್ಮ ದೆಹಲಿಗೂ ಸಹ, ಬಂದು ಕೆಲವು ವಾರ ಸೇವೆಯ ಕೆಲಸಗಳಲ್ಲಿ ತೊಡಗಿ ಹೋಗಿವೆ. ನಿನ್ನೆಯವರೆಗೆ ಕರ್ಮಪದವಾಗಿದ್ದವರು ಇಂದು ಕರ್ತೃಪದವಾಗುವ ಪ್ರಯತ್ನವಿದು.

ಇಲ್ಲಿ ಒಂದು ಪ್ರಬಲವಾದ ಪೂರ್ವಪಕ್ಷವುಂಟು. ತನ್ನ ಮನಸ್ಸಿನ ಶಾಂತಿಗಾಗಿ ಮಾಡಿದ ಸೇವೆಯು ಸೇವೆ ಹೇಗಾದೀತು? ಫಲಾಪೇಕ್ಷೆಯನ್ನು ಬಿಡಬೇಕೆಂದು ಗೀತೆಯ ಬೋಧೆ. ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಿಕೊಳ್ಳಬಾರದೆಂದು ಜರ್ಮನಿಯ ಕಾಂಟನ ಬೋಧೆ. ಒಬ್ಬರ ದುಃಖದ ಔಷಧಕ್ಕಾಗಿ ಇನ್ನೊಂದು ದೇಶದ ಬಡವರ ದುಃಖವನ್ನು ಮೂಲಿಕೆಯಂತೆ ಕಿತ್ತು ಅರೆಯುವುದಾದರೆ, ಅದು ಈ ಎರಡು ಬೋಧೆಗಳಿಗೂ ಒಟ್ಟಿಗೇ ವಿರುದ್ಧವಾಗುತ್ತದೆ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ.

ಇದಕ್ಕೆ ಸಮಾಧಾನವನ್ನು ಅರಸುವಾಗ ನನ್ನ ನೆನಪಿಗೆ ಬರುವವಳು ಶ್ರಾವಸ್ತಿಯ ಕಿಸಾಗೋತಮಿ. ಸತ್ತ ಮಗುವನ್ನು ಎತ್ತಿಕೊಂಡು ಔಷಧ ಬೇಡಿದ ಆ ತಾಯಿಗೆ ಭಗವಾನ್ ಬುದ್ಧನು ಸಾವಿಲ್ಲದ ಮನೆಯ ಸಾಸಿವೆಯನ್ನು ತರಲು ಹೇಳಿದನೆಂಬ ಕಥೆಯನ್ನು ಅರಿಯದವರಿಲ್ಲ. ಆದರೆ ಅದರಲ್ಲಿ ನಾವು ಸಾಕಷ್ಟು ಗಮನಿಸದೆ ಬಿಡುವ ಸಂಗತಿಗಳು ಎರಡು. ಆಕೆ ಹೊರಟದ್ದು ಯಾರನ್ನೂ ಸಂತೈಸುವುದಕ್ಕಲ್ಲ, ತನ್ನ ಸ್ವಂತ ಸಂಕಟದ ನಿವಾರಣೆಗೆ. ಬುದ್ಧನು ಆ ಸ್ವಾರ್ಥಕ್ಕಾಗಿ ಆಕೆಯನ್ನು ಗದರಿಸಲಿಲ್ಲ, ಅದನ್ನೇ ದಾರಿಯಾಗಿ ತಿರುಗಿಸಿದನು. ಎರಡನೆಯದಾಗಿ, ಆಕೆ ಮನೆಮನೆಯ ಬಾಗಿಲಿಗೆ ಹೋದದ್ದು ದಾನಿಯಾಗಿ ಅಲ್ಲ, ಯಾಚಕಿಯಾಗಿ. ಸಾಸಿವೆಯನ್ನು ನೀಡಲು ಕೈಯೆತ್ತಿದವರೂ, ತಮ್ಮ ಮನೆಯ ಸಾವನ್ನು ಹೇಳಿಕೊಂಡು ಆಕೆಯ ಕಣ್ಣು ತೆರೆಸಿದವರೂ ಆ ಮನೆಯವರೇ. ಸಂಜೆಯ ಹೊತ್ತಿಗೆ ಆಕೆಯ ದುಃಖವು ಕಡಿಮೆಯಾಗಿರಲಾರದು; ಅದು ತನ್ನೊಬ್ಬಳದೆಂಬ ಭ್ರಮೆ ಮಾತ್ರ ಹರಿದಿತ್ತು. ಆಗಲೇ ಆಕೆ ಮಗುವನ್ನು ಸ್ಮಶಾನದಲ್ಲಿ ಇಳಿಸಲು ಶಕ್ತಳಾದಳು.

ಆದುದರಿಂದ ಆರಂಭದ ಸ್ವಾರ್ಥವೊಂದೇ ಈ ಯಾತ್ರೆಯನ್ನು ದೂಷಿತವಾಗಿಸದು. ದೂಷಿತವಾಗಿಸುವುದು, ತಾನು ಯಾಚಕನೆಂಬುದನ್ನು ಮರೆತು ದಾನಿಯ ವೇಷವನ್ನು ತೊಡುವುದು. ರೋಗಿಗೆ ಮರಳಿ ಬೇಕಾದದ್ದು ಕರ್ತೃತ್ವ, ಬೇಡವಾದದ್ದು ಕರ್ತೃತ್ವಾಭಿಮಾನ. ಈ ಭೇದವನ್ನು ನಮ್ಮ ಶರಣರು ದಾಸೋಹವೆಂಬ ಒಂದೇ ಮಾತಿನಲ್ಲಿ ಅಡಗಿಸಿಟ್ಟಿದ್ದಾರೆ: ನೀಡುವವನೇ ಅಲ್ಲಿ ದಾಸ. ಗೇಬನ್ ದೇಶದ ಲ್ಯಾಂಬರೆನೆಗೆ 1913ರಲ್ಲಿ ಹೋಗಿ ಆಸ್ಪತ್ರೆಯನ್ನು ಕಟ್ಟಿದ ಆಲ್ಬರ್ಟ್ ಶ್ವೈಟ್ಸರರೂ ಬೇರೊಂದು ದಾರಿಯಿಂದ ಇಲ್ಲಿಗೇ ಬಂದರು. ನೋವಿನ ಮುದ್ರೆಯನ್ನು ಹೊತ್ತವರೆಲ್ಲರೂ ಲೋಕದಾದ್ಯಂತ ಒಂದೇ ಬಳಗವೆಂದೂ, ನೋವಿನಿಂದ ಬಿಡುಗಡೆ ಪಡೆದವನು ತಾನು ಸ್ವತಂತ್ರನಾದೆನೆಂದು ತಿಳಿಯದೆ ಇನ್ನೂ ನರಳುತ್ತಿರುವವರಿಗೆ ಋಣಿಯೆಂದು ತಿಳಿಯತಕ್ಕದ್ದೆಂದೂ ಅವರ ಅಭಿಪ್ರಾಯ. ಋಣವನ್ನು ತೀರಿಸುವವನು ಉಪಕಾರ ಮಾಡುತ್ತಿದ್ದೇನೆಂದು ಹೆಮ್ಮೆಪಡುವುದೆಲ್ಲಿಂದ ಬಂತು? ನಾಜಿಗಳ ಸೆರೆಶಿಬಿರಗಳಿಂದ ಬದುಕಿ ಬಂದ ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲರು, ಸುಖವನ್ನು ಬೆನ್ನಟ್ಟಿದರೆ ಅದು ಸಿಕ್ಕದೆಂದೂ, ತನಗಿಂತ ಹಿರಿದಾದುದರಲ್ಲಿ ತೊಡಗಿದವನಿಗೆ ಅದು ಹಿಂದಿನಿಂದ ತಾನಾಗಿ ಬರುವುದೆಂದೂ ಬೋಧಿಸಿದರು. ಅಡ್ಡಪರಿಣಾಮವೆಂಬ ಮಾತನ್ನು ಕ್ಯಾನ್ಸರ್ ರೋಗಿಗಳು ಭಯದಿಂದಲೇ ಕೇಳಿರುತ್ತಾರೆ. ಮನಸ್ಸಿನ ಶಾಂತಿಯೆಂಬುದು ಸೇವೆಯ ಅಡ್ಡಪರಿಣಾಮವಾಗಿ ಬರುವುದಾದರೆ ಬರಲಿ.

ಆದರೆ ಭಾವಶುದ್ಧಿಯೊಂದಿದ್ದರೆ ಸಾಲದು, ಕ್ರಿಯಾಶುದ್ಧಿಯೂ ಬೇಕು. ಕಾಂಬೋಡಿಯಾದ ಅನಾಥಾಲಯಗಳಲ್ಲಿದ್ದ ಮಕ್ಕಳಲ್ಲಿ ಬಹುಪಾಲು ಮಂದಿಗೆ ತಂದೆಯೋ ತಾಯಿಯೋ ಜೀವಂತವಾಗಿಯೇ ಇದ್ದರೆಂಬುದು ಕಂಡುಬಂದಿದೆ. ಪರದೇಶದಿಂದ ಬರುವವರ ಕರುಣೆಯೂ ಹಣವೂ ಅಂಥ ಅನಾಥಾಲಯಗಳು ಹೆಚ್ಚಲು ಕಾರಣವಾದವು. ಎರಡು ವಾರ ಎತ್ತಿ ಆಡಿಸಿ, ಮೂರನೆಯ ವಾರ ವಿಮಾನ ಹತ್ತಿ ಹೋಗುವ ಅತಿಥಿಗಳ ಸಾಲನ್ನು ಕಂಡ ಎಳೆಯ ಮಗುವಿಗೆ ಪ್ರತಿ ವಿದಾಯವೂ ಒಂದು ಹೊಸ ಅಗಲಿಕೆ. ಸಾವಿನ ಸಮೀಪಕ್ಕೆ ಹೋಗಿ ಬಂದವನಿಗೆ ಅಗಲಿಕೆಯ ಅರ್ಥವನ್ನು ಯಾರೂ ಕಲಿಸಬೇಕಾಗಿಲ್ಲ. ಅವನಾದರೂ ಇದನ್ನು ಇನ್ನೊಬ್ಬರಿಗೆ ಉಂಟುಮಾಡಬಾರದು. ಆ ಊರಿನವರೇ ಬೇಕೆಂದು ಕೇಳಿದ ಕೆಲಸವೇ, ತಾನು ಹೊರಟ ಮೇಲೂ ಅದು ನಡೆದುಕೊಂಡು ಹೋಗುವುದೇ, ಅಲ್ಲಿಯ ಒಬ್ಬ ಕೂಲಿಯ ಅನ್ನಕ್ಕೆ ಅದು ಅಡ್ಡಿಯಾಗದೇ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಮೊದಲೇ ಪಡೆಯತಕ್ಕದ್ದು.

ದೇಹಧರ್ಮವನ್ನೂ ಮರೆಯುವಂತಿಲ್ಲ. ಆಫ್ರಿಕದ ಹಲವು ದೇಶಗಳನ್ನು ಪ್ರವೇಶಿಸಲು ಅವಶ್ಯವಾದ ಹಳದಿ ಜ್ವರದ ಲಸಿಕೆಯಲ್ಲಿ ಜೀವಂತ ವೈರಾಣುವಿರುತ್ತದೆ. ಕಿಮೊಥೆರಪಿಯಿಂದ ಕುಗ್ಗಿದ ರೋಗನಿರೋಧಕ ಶಕ್ತಿ ಇನ್ನೂ ಚೇತರಿಸಿಕೊಳ್ಳದವರಿಗೆ ಅದು ಅಪಾಯಕರ. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳ ಗ್ರಂಥಿಗಳನ್ನು ತೆಗೆಸಿಕೊಂಡವರು ಆ ಕೈಗೆ ಗಾಯವಾಗದಂತೆ, ಬಾವು ಬರದಂತೆ ನೋಡಿಕೊಳ್ಳಬೇಕು. ಪುನಃ ದೊರೆತ ಶರೀರವನ್ನು ಉತ್ಸಾಹದ ಭರದಲ್ಲಿ ಪಣಕ್ಕೊಡ್ಡುವುದು ತ್ಯಾಗವೆನಿಸದು.

ಎಲ್ಲರಿಗೂ ಇಂಥ ಪ್ರಯಾಣಕ್ಕೆ ಹಣವಾಗಲಿ ಅನುಕೂಲವಾಗಲಿ ಇರದು. ಇಲ್ಲದವರು ವಂಚಿತರಾದೆವೆಂದು ಕೊರಗಬೇಕಾಗಿಲ್ಲ. ದೂರದೇಶವು ಮಾಡಿಕೊಡುವ ಉಪಕಾರವೆಂದರೆ, ನಮ್ಮನ್ನು ರೋಗಿಯೆಂದು ಗುರುತಿಸದ ಕಣ್ಣುಗಳ ಮುಂದೆ ನಮ್ಮನ್ನು ನಿಲ್ಲಿಸುವುದು. ಅದು ನಿಜವಾದ ಉಪಕಾರ. ಆದರೆ ಕಿಸಾಗೋತಮಿಗೆ ಬೆಳಕು ದೊರೆತದ್ದು ತನ್ನ ಊರಿನ ಬೀದಿಯಲ್ಲಿಯೇ. ಹೋಗಬಲ್ಲವರು ಹೋಗಲಿ. ಹೊರಡುವ ಮುನ್ನ ತಮ್ಮ ವೈದ್ಯರನ್ನೂ ತಾವು ಸೇರಲಿರುವ ಊರಿನವರನ್ನೂ ಕೇಳಿಕೊಳ್ಳಲಿ. ಅಲ್ಲಿರುವಷ್ಟು ದಿನವೂ ತಾವು ಬೇಡಲು ಬಂದವರೆಂಬುದನ್ನು ನೆನೆಯಲಿ. ಹಿಂದಿರುಗಿದ ಮೇಲೆ, ತಮಗೆ ಸಾಸಿವೆಯನ್ನು ನೀಡಿದ ಕೈಗಳನ್ನು ಮರೆಯದಿರಲಿ.