ಅಂಚೆಚೀಟಿಯೂ ಔಷಧದಾನವೂ

ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸು, ದಾನ ಎಂಬ ಆರು ಶ್ರಾವಕನ ನಿತ್ಯಕರ್ಮಗಳು. ಇವುಗಳಲ್ಲಿ ದಾನವನ್ನು ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ಬಗೆಯಾಗಿ ಹೇಳುವುದು ರೂಢಿ. ಹಸಿದವನಿಗೆ ಅನ್ನವಿಕ್ಕುವಾಗ ಕೊಡುವವನೂ ಪಡೆಯುವವನೂ ಎದುರುಬದುರಾಗಿರುತ್ತಾರೆ. ದಾನದ ಫಲ ಕೊಡುವವನ ಕಣ್ಣಮುಂದೆಯೇ ಇರುತ್ತದೆ. ಔಷಧದಾನದ ಸ್ವರೂಪ ಮಾತ್ರ ಈಚಿನ ನೂರು ವರ್ಷಗಳಲ್ಲಿ ಬಹಳ ಮಾರ್ಪಟ್ಟಿದೆ. ಸರಿಯಾದ ಮದ್ದನ್ನೇ ಇನ್ನೂ ಕಾಣದ ರೋಗಗಳಿವೆ. ಅಂತಹ ಮದ್ದಿನ ಅನ್ವೇಷಣೆಗೆ ಹಣ ಕೊಡುವವನು ರೋಗಿಯನ್ನು ಕಾಣುವುದಿಲ್ಲ, ಮದ್ದನ್ನೂ ಕಾಣುವುದಿಲ್ಲ. ತನ್ನ ಹಣ ಯಾವ ಪ್ರಯೋಗಶಾಲೆಯಲ್ಲಿ ಯಾವ ಬಗೆಯಿಂದ ವಿನಿಯೋಗವಾಯಿತೆಂಬುದನ್ನೂ ಅರಿಯುವುದಿಲ್ಲ. ಇಂತಹ ಕೊಡುಗೆಯನ್ನು ಔಷಧದಾನವೆನ್ನಬಹುದೆ? ಅದೂ ದಿನನಿತ್ಯದ ಒಂದು ಖರೀದಿಯೊಡನೆ ಕೆಲವು ಕಾಸುಗಳಾಗಿ ಬೆರೆತು ಹೋದರೆ ಅದು ದಾನವಾದೀತೆ? ಈ ಪ್ರಶ್ನೆಗೆ ಸಾಮಾನ್ಯವಾದ ಒಂದು ವಸ್ತುವೇ ಒಳ್ಳೆಯ ಉದಾಹರಣೆಯನ್ನು ಒದಗಿಸುತ್ತದೆ. ಅದು ಅಂಚೆಚೀಟಿ.

ಅಂಚೆಯ ವೆಚ್ಚಕ್ಕಿಂತ ಹೆಚ್ಚಿನ ಬೆಲೆಗೆ ಮಾರಿ, ಆ ಹೆಚ್ಚುವರಿ ಹಣವನ್ನು ಒಂದು ಸತ್ಕಾರ್ಯಕ್ಕೆ ಸಲ್ಲಿಸುವ ಚೀಟಿಗಳಿಗೆ 'ಸೆಮಿಪೋಸ್ಟಲ್' ಎಂದು ಹೆಸರು. ಅರ್ಧ ಅಂಚೆ, ಅರ್ಧ ದತ್ತಿ ಎಂದು ಅದರ ಭಾವ. ಇದರ ಆರಂಭವೇ ರೋಗಿಗಳ ಸೇವೆಯಿಂದಾದುದು ಗಮನಾರ್ಹ. 1897ರಲ್ಲಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಯ 60ನೆಯ ವರ್ಷದಲ್ಲಿ, ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಸಾಹತು ಕ್ಷಯರೋಗಿಗಳ ಆಶ್ರಯಧಾಮಕ್ಕಾಗಿ ಎರಡು ಚೀಟಿಗಳನ್ನು ಹೊರಡಿಸಿತು. ಒಂದು ಪೆನ್ನಿ ಅಂಚೆಮೌಲ್ಯದ ಚೀಟಿಗೆ ಒಂದು ಷಿಲಿಂಗ್, ಎಂದರೆ ಹನ್ನೆರಡು ಪಟ್ಟು ಬೆಲೆ! ಅದನ್ನು ಕೊಂಡವನಿಗೆ ತಾನು ಕೊಡುತ್ತಿರುವುದು ದಾನವೆಂಬುದರಲ್ಲಿ ಸಂದೇಹಕ್ಕೆ ಎಡೆಯಿರಲಿಲ್ಲ. 1938ರಲ್ಲಿ ಫ್ರಾನ್ಸ್ ದೇಶವು ಕ್ಯೂರಿ ದಂಪತಿಗಳ ಚಿತ್ರವಿದ್ದ ಚೀಟಿಗಳನ್ನು ಕ್ಯಾನ್ಸರ್ ವಿರುದ್ಧದ ಕಾರ್ಯಕ್ಕಾಗಿ ಪ್ರಕಟಿಸಿತು. ಭಾರತದಲ್ಲಿ ಕ್ಷಯನಿವಾರಣೆಗಾಗಿ ಗಾಂಧೀ ಜಯಂತಿಯಿಂದ ಮೊದಲ್ಗೊಂಡು ಮಾರಲಾಗುತ್ತಿದ್ದ ಟಿ.ಬಿ. ಸೀಲುಗಳೂ ಇದೇ ಭಾವದವು. ಆದರೆ ಅವುಗಳಿಗೆ ಅಂಚೆಯ ಮೌಲ್ಯವಿರಲಿಲ್ಲ. ಕೊಟ್ಟ ಹಣವೆಲ್ಲವೂ ದತ್ತಿಯೇ.

ಅಮೆರಿಕ ಸಂಯುಕ್ತ ಸಂಸ್ಥಾನವು ಈ ಮಾರ್ಗವನ್ನು ಹಿಡಿದುದು ಬಹಳ ತಡವಾಗಿ. ಕ್ಯಾಲಿಫೋರ್ನಿಯದ ಶಸ್ತ್ರವೈದ್ಯ ಅರ್ನಿ ಬೊಡಾಯ್ ಅವರು ಜನಪ್ರತಿನಿಧಿಗಳ ಬಾಗಿಲು ತಟ್ಟಿ ಹೂಡಿದ ಪ್ರಯತ್ನದ ಫಲವಾಗಿ 1997ರಲ್ಲಿ ಅಲ್ಲಿಯ ಶಾಸನಸಭೆ ಒಂದು ಕಾಯಿದೆಯನ್ನು ಮಾಡಿತು. ಅದರಂತೆ 1998ರ ಜುಲೈ 29ರಂದು ಸ್ತನ ಕ್ಯಾನ್ಸರ್ ಸಂಶೋಧನೆಯ ಅಂಚೆಚೀಟಿ ಹೊರಬಂದಿತು. ಆಗ ಸಾಮಾನ್ಯ ಪತ್ರದ ದರ 32 ಸೆಂಟು. ಈ ಚೀಟಿಯ ಬೆಲೆ 40 ಸೆಂಟು. ನಡುವಿನ 8 ಸೆಂಟು ಸಂಶೋಧನೆಗೆ. ನೂರು ಕಾಗದ ಬರೆದವನ ಕೊಡುಗೆ 8 ಡಾಲರು ಮಾತ್ರ. ಆದರೂ ಈ ಚೀಟಿಯ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಲಾಗಿ, ನೂರು ಕೋಟಿಗೂ ಅಧಿಕ ಚೀಟಿಗಳು ಮಾರಾಟವಾಗಿ, ಒಂಬತ್ತು ಕೋಟಿ ಡಾಲರಿಗೂ ಮೀರಿದ ಹಣ ಕೂಡಿಬಂದಿದೆ. ಹನಿ ಕೂಡಿದರೆ ಹಳ್ಳ ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು.

ಈ ಚೀಟಿಯ ಹಿಂದಿರುವ ನಿಯಮಗಳು ಮೇಲ್ನೋಟಕ್ಕೆ ಲೆಕ್ಕಪತ್ರದ ಒಣ ವಿಧಿಗಳಂತೆ ತೋರುತ್ತವೆ. ದಾನದ ತತ್ತ್ವವನ್ನು ಮುಂದಿಟ್ಟುಕೊಂಡು ನೋಡಿದಾಗ ಅವುಗಳ ನೈತಿಕ ಅರ್ಥ ಸ್ಪಷ್ಟವಾಗುತ್ತದೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ದಾನದ ಲಕ್ಷಣದಲ್ಲಿ ಎರಡು ಅಂಶಗಳನ್ನು ಹೇಳಿದ್ದಾರೆ: ಉಪಕಾರದ ಉದ್ದೇಶ ಮತ್ತು ತನ್ನದಾದುದರ ತ್ಯಾಗ. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನದ ಫಲದಲ್ಲಿ ತಾರತಮ್ಯ ಉಂಟಾಗುತ್ತದೆಂದೂ ಅವರು ತಿಳಿಸಿದ್ದಾರೆ. ಈ ನಾಲ್ಕು ಒರೆಗಲ್ಲುಗಳ ಮೇಲೆ ಅಂಚೆಚೀಟಿಯನ್ನು ತಿಕ್ಕಿ ನೋಡಬಹುದು.

ಮೊದಲನೆಯದು ದಾತೃ. ಈ ಚೀಟಿಯ ಬಳಕೆ ಸಂಪೂರ್ಣವಾಗಿ ಗ್ರಾಹಕನ ಇಚ್ಛೆಗೆ ಸೇರಿದುದೆಂದು ಕಾಯಿದೆಯೇ ಹೇಳುತ್ತದೆ. ಸಾಮಾನ್ಯ ಚೀಟಿ ಪಕ್ಕದಲ್ಲೇ ದೊರೆಯುತ್ತದೆ. ಇದಕ್ಕೆ ಪ್ರತಿಯಾದ ಉದಾಹರಣೆ ಭಾರತದಲ್ಲಿಯೇ ಇದೆ. 1971ರ ನವೆಂಬರಿನಿಂದ 1973ರ ಮಾರ್ಚಿಯವರೆಗೆ ಬಾಂಗ್ಲಾ ನಿರಾಶ್ರಿತರ ಪರಿಹಾರಕ್ಕಾಗಿ ಹೆಚ್ಚಿನ ಅಂಚೆ ವಸ್ತುಗಳ ಮೇಲೆ 5 ಪೈಸೆಯ ಇನ್ನೊಂದು ಚೀಟಿಯನ್ನು ಹಚ್ಚುವುದು ಕಡ್ಡಾಯವಾಗಿತ್ತು. ಉದ್ದೇಶ ಕರುಣೆಯದೇ, ಲಕ್ಷಾಂತರ ನಿರ್ಗತಿಕರಿಗೆ ಅದರಿಂದ ಆಸರೆಯೂ ಆಯಿತು. ಆದರೆ ಕೊಡದಿರುವ ಸ್ವಾತಂತ್ರ್ಯವಿಲ್ಲದೆಡೆ ಕೊಟ್ಟದ್ದು ತೆರಿಗೆಯಾಗುತ್ತದೆ, ದಾನವಾಗುವುದಿಲ್ಲ. ತೆರಿಗೆ ನಿಷಿದ್ಧವೇನಲ್ಲ, ಎಷ್ಟೋ ವೇಳೆ ಅದು ದಾನಕ್ಕಿಂತ ಹೆಚ್ಚು ಹೊಟ್ಟೆಗಳನ್ನು ತುಂಬಿಸುತ್ತದೆ. ಆದರೆ ಕೊಡುವವನ ಲೋಭವನ್ನು ಅದು ಕರಗಿಸಲಾರದು. ದಾನದಿಂದ ಪರೋಪಕಾರದೊಡನೆ ಸ್ವೋಪಕಾರವೂ ಆಗಬೇಕೆಂಬ ಪೂಜ್ಯಪಾದರ ವಿವರಣೆಯ ಮರ್ಮ ಇದೇ.

ಎರಡನೆಯದು ದ್ರವ್ಯ. 40 ಸೆಂಟಿನಲ್ಲಿ 32 ಸೆಂಟು ಸೇವೆಯ ಬೆಲೆ; ಅದು ವ್ಯಾಪಾರ. ಮಿಕ್ಕ ಎಂಟು ಮಾತ್ರ ತ್ಯಾಗ. ಈ ಗೆರೆಯನ್ನು ನಿಯಮ ಸ್ಪಷ್ಟವಾಗಿ ಎಳೆಯುತ್ತದೆ. ಮೊದಲ ಕಾಯಿದೆ ಹೆಚ್ಚುವರಿ ಮೊತ್ತ ಸಾಮಾನ್ಯ ದರದ ಶೇಕಡ 25ನ್ನು ಮೀರಬಾರದೆಂದಿತು. ನಂತರ ಆ ಮೇಲಿನ ಮಿತಿ ಹೋಗಿ, ಅದು ಶೇಕಡ 15ಕ್ಕೆ ಕಡಿಮೆಯಿರಬಾರದೆಂಬ ಕೆಳಗಿನ ಮಿತಿ ಬಂದಿತು. ಮೊದಲನೆಯದು ಕೊಡುವವನ ಹೊರೆಯನ್ನು ನೆನೆಯಿತು. ಎರಡನೆಯದು ದತ್ತಿ ಎಂಬ ಹೆಸರು ಬರಿಯ ಹೆಸರಾಗದಿರಲಿ ಎಂದಿತು. ಇಂದು ಅನೇಕ ವ್ಯಾಪಾರಿಗಳು ತಮ್ಮ ಸರಕಿನ ಮಾರಾಟದ ಒಂದು ಪಾಲು ಧರ್ಮಕ್ಕೆ ಎಂದು ಸಾರುತ್ತಾರೆ. ಆ ಪಾಲು ಎಷ್ಟೆಂದು ಹೇಳುವುದಿಲ್ಲ. ಕೊಳ್ಳುವವನು ಬೆಲೆಯನ್ನು ತೆತ್ತು ಪುಣ್ಯವೂ ಬಂತೆಂದು ತೃಪ್ತನಾಗುತ್ತಾನೆ. ಎಷ್ಟು ಬೆಲೆ, ಎಷ್ಟು ದಾನ ಎಂಬುದು ತಿಳಿಯದೆಡೆ ತ್ಯಾಗದ ಅರಿವೂ ಇರಲಾರದು.

ಮೂರನೆಯದು ವಿಧಿ. ಚೀಟಿಗಾಗಿ ಅಂಚೆ ಇಲಾಖೆ ಮಾಡಿದ ನ್ಯಾಯವಾದ ವೆಚ್ಚವನ್ನು ಮಾತ್ರ ಕಳೆದು, ಉಳಿದ ಹಣದಲ್ಲಿ ಶೇಕಡ 70ನ್ನು ರಾಷ್ಟ್ರೀಯ ಆರೋಗ್ಯ ಸಂಸ್ಥೆಗೂ, ಶೇಕಡ 30ನ್ನು ರಕ್ಷಣಾ ಇಲಾಖೆಯ ವೈದ್ಯಕೀಯ ಸಂಶೋಧನೆಗೂ ಸಲ್ಲಿಸಬೇಕೆಂದು ಕಟ್ಟಳೆ. 2000ದಲ್ಲಿ ಇಂತಹ ಚೀಟಿಗಳನ್ನು ಹೊರಡಿಸುವ ಸಾಮಾನ್ಯ ಅಧಿಕಾರವನ್ನು ಅಂಚೆ ಇಲಾಖೆಗೆ ಕೊಟ್ಟ ಇನ್ನೊಂದು ಕಾಯಿದೆ ಬಂದಿತು. ಅದರ ಅಡಿಯಲ್ಲಿ 2017ರಲ್ಲಿ ಮರೆವಿನ ರೋಗವಾದ ಆಲ್ಝೈಮರ್ಸ್‌ನ ಸಂಶೋಧನೆಗಾಗಿ ಚೀಟಿ ಪ್ರಕಟವಾಯಿತು. ಈ ಕಾಯಿದೆಯಲ್ಲಿ ಬಹಳ ಸೂಕ್ಷ್ಮವಾದ ಒಂದು ವಿಧಿಯಿದೆ: ಚೀಟಿಯಿಂದ ಬಂದ ಹಣವನ್ನು ಲೆಕ್ಕಕ್ಕೆ ಹಿಡಿದು ಸರಕಾರವು ಆ ಸಂಸ್ಥೆಗೆ ತಾನು ಕೊಡಬೇಕಾದ ಅನುದಾನವನ್ನು ನಿರ್ಧರಿಸಕೂಡದು. ಪ್ರಜೆ ಕೊಟ್ಟನೆಂದು ರಾಜ ಕೈ ಹಿಂತೆಗೆಯಬಾರದು. ಮುನಿಗಳಿಗೆ ಆಹಾರವೀಯುವ ವ್ರತದ ಅತಿಚಾರಗಳಲ್ಲಿ ಪರವ್ಯಪದೇಶ ಎಂಬುದೊಂದು. ತಾನು ಕೊಡಬೇಕಾದುದನ್ನು ಇನ್ನೊಬ್ಬನ ಮೇಲೆ ಹಾಕುವುದು ಎಂದು ಅದರ ತಾತ್ಪರ್ಯ. ಒಬ್ಬರ ದಾನ ಮತ್ತೊಬ್ಬರ ಕರ್ತವ್ಯಲೋಪಕ್ಕೆ ನೆಪವಾಗದಂತೆ ಕಾಯುವ ಈ ವಿಧಿ ಆ ಎಚ್ಚರಕ್ಕೆ ಹತ್ತಿರವಾದುದೇ ಆಗಿದೆ.

ನಾಲ್ಕನೆಯದಾದ ಪಾತ್ರದ ವಿಚಾರದಲ್ಲಿ ಪ್ರಶ್ನೆ ಜಟಿಲವಾಗುತ್ತದೆ. ಕಾಯಿದೆ ಹಣ ಯಾರಿಗೆ ಎಂಬುದನ್ನು ಹೇಳಿತು. ಆ ಹಣದಿಂದ ನಡೆಯುವ ಸಂಶೋಧನೆಯ ಬಗೆ ಯಾವುದು ಎಂಬುದನ್ನು ಅಂಚೆ ಇಲಾಖೆ ಕೇಳುವುದಿಲ್ಲ, ಕೇಳುವುದು ಅದರ ಕೆಲಸವೂ ಅಲ್ಲ. ಆದರೆ ಶ್ರಾವಕ ಅದನ್ನು ಕೇಳದಿರಲಾರ. ಕ್ಯಾನ್ಸರ್ ಸಂಶೋಧನೆಯಲ್ಲಿ ಇಲಿಗಳ ಮೇಲಿನ ಪ್ರಯೋಗ ಸಾಮಾನ್ಯವಾದುದು. ಆ ಪಂಚೇಂದ್ರಿಯ ಜೀವಿಗಳಲ್ಲಿ ರೋಗವನ್ನು ಉಂಟುಮಾಡಿ, ಮದ್ದನ್ನು ಪರೀಕ್ಷಿಸಿ, ಕೊನೆಗೆ ಅವುಗಳನ್ನು ಕೊಲ್ಲಲಾಗುತ್ತದೆ. ಹಿಂಸೆಯನ್ನು ತಾನೇ ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂಬ ಮೂರೂ ಬಂಧಕ್ಕೆ ಕಾರಣವೆಂದು ಬಲ್ಲವನು, ತನ್ನ ಎಂಟು ಸೆಂಟು ಅನುಮೋದನೆಯಾಗುತ್ತದೆಯೇ ಎಂದು ಅಳುಕುವುದು ಸಹಜ. ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳಿಗೆ ಇದು ದೂರದ ತರ್ಕವೇನಲ್ಲ. ಇಲ್ಲಿ ಔಷಧದಾನ ಅಭಯದಾನಕ್ಕೆ ಎದುರಾಗಿ ನಿಂತಂತೆ ಕಾಣುತ್ತದೆ.

ಈ ಅಳುಕು ಹೊಸದೂ ಅಲ್ಲ. 9ನೆಯ ಶತಮಾನದಲ್ಲಿ ಜೈನ ವೈದ್ಯರಾದ ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥವನ್ನು ರಚಿಸಿ, ಮಾಂಸವನ್ನು ಬಳಸದ ಚಿಕಿತ್ಸಾಕ್ರಮವನ್ನು ನಿರೂಪಿಸಿದರು. ನೃಪತುಂಗನ ಸಭೆಯಲ್ಲಿ ಮಾಂಸವು ಔಷಧವಾಗಿ ನಿರರ್ಥಕವೆಂದು ವಾದಿಸಿದರೆಂದೂ ಪ್ರತೀತಿಯಿದೆ. ಮಾಂಸೌಷಧ ಬಳಕೆಯಲ್ಲಿದ್ದ ಆ ಕಾಲದಲ್ಲಿ ಅವರು ವೈದ್ಯವನ್ನೇ ತೊರೆಯಲಿಲ್ಲ; ರೂಢಿಯನ್ನು ಒಪ್ಪಿ ಸುಮ್ಮನಾಗಲೂ ಇಲ್ಲ. ಹಿಂಸೆಯಿಲ್ಲದೆ ರೋಗವನ್ನು ನೀಗುವ ದಾರಿಯನ್ನು ಶ್ರಮಪಟ್ಟು ಕಟ್ಟಿದರು. ಮುಂದಿನವರಿಗೆ ಇದೇ ಮೇಲ್ಪಂಕ್ತಿ.

ಚೀಟಿಯನ್ನು ಕೊಳ್ಳದಿದ್ದರೆ ದೋಷದಿಂದ ಪಾರಾದೆನೆಂದು ಭಾವಿಸುವುದು ಸುಲಭ. ಆದರೆ ಹಾಗೆಂದುಕೊಂಡವನೇ ಜ್ವರ ಬಂದಾಗ ನುಂಗುವ ಗುಳಿಗೆ, ಮಗುವಿಗೆ ಹಾಕಿಸುವ ಲಸಿಕೆ ಅದೇ ಬಗೆಯ ಸಂಶೋಧನೆಯ ಫಲ. ಫಲವನ್ನು ಉಂಡು, ಬೀಜಕ್ಕೆ ಕಾಸು ಕೊಡೆನೆನ್ನುವುದರಿಂದ ಕೈ ಶುದ್ಧವಾಗದು. ಇನ್ನೊಂದೆಡೆ, ಮನುಷ್ಯನ ಹಿತಕ್ಕಾಗಿ ಎಂಬ ಒಂದೇ ಮಾತಿನಿಂದ ಎಲ್ಲ ನೋವನ್ನೂ ಮುಚ್ಚಿಬಿಡುವುದು ಅಹಿಂಸೆಯನ್ನು ಅನುಕೂಲದ ವ್ರತವಾಗಿಸುತ್ತದೆ.

ಹಾಗಾದರೆ ಸಂಶೋಧನೆ ಎಂದರೆ ಹಿಂಸೆಯೇ? ಈ ಅಂಚೆಚೀಟಿಯ ಹಣದ ಒಂದು ವಿನಿಯೋಗವೇ ಅದಕ್ಕೆ ಉತ್ತರ ಹೇಳುತ್ತದೆ. 'ಟೇಲರ್‌ಎಕ್ಸ್' ಎಂಬ ಒಂದು ದೊಡ್ಡ ಅಧ್ಯಯನಕ್ಕೆ ಇದರಿಂದ ನೆರವು ದೊರೆಯಿತು. 2006ರಲ್ಲಿ ಮೊದಲಾದ ಆ ಅಧ್ಯಯನದಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ಮಹಿಳೆಯರು ಸ್ವಇಚ್ಛೆಯಿಂದ ಪಾಲುಗೊಂಡರು. ಸ್ತನ ಕ್ಯಾನ್ಸರಿನ ಬಹು ಸಾಮಾನ್ಯವಾದ ಒಂದು ಬಗೆಯಲ್ಲಿ, ರೋಗ ಆರಂಭದ ಹಂತದಲ್ಲಿದ್ದಾಗ, ಶಸ್ತ್ರಚಿಕಿತ್ಸೆಯ ನಂತರ ಕೀಮೋಥೆರಪಿ ಎಲ್ಲರಿಗೂ ಬೇಕೆ ಎಂಬುದು ಪ್ರಶ್ನೆ. ಗಡ್ಡೆಯ ಜೀನುಗಳ ಪರೀಕ್ಷೆಯಿಂದ ರೋಗ ಮರುಕಳಿಸುವ ಸಂಭವವನ್ನು ಅಳೆದು ನೋಡಲಾಯಿತು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅಂತಹ ಸ್ತ್ರೀಯರಲ್ಲಿ ಬಹುಪಾಲು ಜನರಿಗೆ ಕೀಮೋಥೆರಪಿಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಹಾರ್ಮೋನು ಚಿಕಿತ್ಸೆಯೇ ಸಾಕು. ಇಲ್ಲಿ ಸಂಶೋಧನೆಯಿಂದ ದೊರೆತುದು ಹೊಸ ಮದ್ದಲ್ಲ. ಮದ್ದು ಎಲ್ಲಿ ಬೇಡವೆಂಬ ಜ್ಞಾನ. ವಾಂತಿ, ನಿತ್ರಾಣ, ಕೂದಲುದುರುವಿಕೆ ಮೊದಲಾದ ಬವಣೆ ಎಷ್ಟೋ ಸ್ತ್ರೀಯರಿಗೆ ಇದರಿಂದ ತಪ್ಪಿತು. ಜ್ಞಾನದಿಂದ ನೋವು ನೀಗಿದ ಇಂತಹ ಸಂದರ್ಭದಲ್ಲಿ ಶಾಸ್ತ್ರ, ಔಷಧ, ಅಭಯ ಎಂಬ ಮೂರು ದಾನಗಳೂ ಒಂದೆಡೆ ಸೇರುತ್ತವೆ.

ಪ್ರಯೋಗಶಾಲೆಯ ಪ್ರಾಣಿಗಳ ವಿಚಾರದಲ್ಲಿಯೂ ದಾರಿ ಮುಚ್ಚಿಲ್ಲ. ಸಾಧ್ಯವಿದ್ದೆಡೆ ಪ್ರಾಣಿಗೆ ಬದಲಿಯನ್ನು ಹುಡುಕುವುದು, ಇಲ್ಲವಾದರೆ ಸಂಖ್ಯೆಯನ್ನು ತಗ್ಗಿಸುವುದು, ನೋವನ್ನು ಕಡಿಮೆ ಮಾಡುವುದು ಎಂಬ ಮೂರು ಸೂತ್ರಗಳನ್ನು ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು 1959ರಲ್ಲಿಯೇ ಪ್ರತಿಪಾದಿಸಿದರು. ಹೊಸ ಔಷಧಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಲೇಬೇಕೆಂಬ ಕಡ್ಡಾಯವನ್ನು ಅಮೆರಿಕವು 2022ರ ಕಾಯಿದೆಯಿಂದ ಸಡಿಲಿಸಿತು. 2023ರಲ್ಲಿ ಭಾರತವೂ ತನ್ನ ನಿಯಮಗಳನ್ನು ತಿದ್ದಿ ಪ್ರಾಣಿಗಳಿಲ್ಲದ ಪರೀಕ್ಷಾಕ್ರಮಗಳಿಗೆ ಎಡೆಮಾಡಿತು. ಈ ಕ್ರಮಗಳನ್ನು ಬೆಳೆಸಲು ಬೇಕಾದುದು ಮತ್ತೆ ಸಂಶೋಧನೆಯೇ, ಅದಕ್ಕೆ ಬೇಕಾದುದು ಹಣವೇ. ಹಿಂಸೆಗೆ ಹೆದರಿ ದಾನದಿಂದ ಹಿಂಜರಿಯುವವನಿಗೆ ಇದಕ್ಕಿಂತ ತಕ್ಕ ಪಾತ್ರ ದೊರೆಯುವುದು ದುರ್ಲಭ.

ಹೀಗೆ ವಿಚಾರಿಸಿದಾಗ, ದಾನದ ಅಂಚೆಚೀಟಿ ಕೊಡುವ ಪಾಠ ಎರಡು ಬಗೆಯದು. ಕೊಡುವುದು ಇಚ್ಛೆಯಿಂದಿರಬೇಕು, ಬೆಲೆಗೂ ದಾನಕ್ಕೂ ನಡುವಿನ ಗೆರೆ ತಿಳಿದಿರಬೇಕು, ಲೆಕ್ಕ ಸ್ವಚ್ಛವಾಗಿರಬೇಕು, ಒಬ್ಬರ ದಾನ ಮತ್ತೊಬ್ಬರ ಹೊಣೆಯನ್ನು ಅಳಿಸಬಾರದು: ಇಷ್ಟನ್ನು ನಿಯಮ ಮಾಡಿಕೊಡಬಲ್ಲದು. ಬಸದಿಯ ಹುಂಡಿಯಿಂದ ಹಿಡಿದು ಊರಿನ ವೈದ್ಯಕೀಯ ನಿಧಿಯವರೆಗೆ ಸಮಾಜದ ಎಲ್ಲ ದತ್ತಿಗಳಿಗೂ ಈ ನಾಲ್ಕು ಮಾತು ಸಲ್ಲುತ್ತವೆ. ಆದರೆ ಹಣ ಯಾರ ನೋವನ್ನು ನೀಗುತ್ತದೆ, ಯಾರಿಗೆ ನೋವನ್ನು ತರುತ್ತದೆ ಎಂಬ ವಿವೇಕವನ್ನು ಯಾವ ಕಾಯಿದೆಯೂ ದಾತೃವಿನ ಪರವಾಗಿ ಹೊರಲಾರದು. ದಾನ ಸುಲಭವಾದಷ್ಟೂ ಆ ವಿವೇಕ ನಿದ್ರಿಸುವ ಭಯ ಹೆಚ್ಚು. ಎಂಟು ಸೆಂಟು ಕೊಟ್ಟವನು ಅಲ್ಪವನ್ನು ಕೊಟ್ಟನೆಂದು ನಾಚಬೇಕಾಗಿಲ್ಲ; ಕೊಟ್ಟ ಮೇಲೆ ಕೇಳುವುದನ್ನು ಮರೆತರೆ ಮಾತ್ರ ಅವನ ದಾನ ಅರ್ಧಕ್ಕೇ ನಿಲ್ಲುತ್ತದೆ. ಕೊಡುತ್ತ ಕೇಳುವವನು, ಕೇಳುತ್ತ ಅಹಿಂಸೆಯ ದಾರಿಗೆ ತನ್ನ ಕೊಡುಗೆಯನ್ನು ತಿರುಗಿಸುವವನು, ಔಷಧದಾನವನ್ನು ಅಭಯದಾನದೊಡನೆ ಕೂಡಿಸುತ್ತಾನೆ. ಶ್ರಾವಕಧರ್ಮ ಅವನಿಂದ ಅಪೇಕ್ಷಿಸುವುದೂ ಇದನ್ನೇ.